ಭುಜಕ್ಕಾದ ನಾಯಿ ಕಡಿತ: ಮೊದಲ ದಿನದ ದಾಖಲೆಯ ಮಹತ್ವ

(ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ನಾಯಿ ಕಡಿತವೆಂದೊಡನೆ ಕಾಲಿನ ಗಾಯವೇ ನೆನಪಿಗೆ ಬರುವುದು ಸಹಜ. ಆದರೆ ಮಕ್ಕಳಿಗೂ, ನೆಲದ ಮೇಲೆ ಕುಳಿತವರಿಗೂ ಮಲಗಿದವರಿಗೂ ಭುಜ, ಕುತ್ತಿಗೆ, ಮುಖಗಳಿಗೆ ಗಾಯವಾಗುವ ಸಂಭವವಿದೆ. ರೇಬೀಸ್ ವೈರಾಣು ನರಗಳ ಮೂಲಕ ಮಿದುಳಿನತ್ತ ಸಾಗುತ್ತದೆ. ಗಾಯವು ತಲೆಗೆ ಸಮೀಪವಾದಷ್ಟೂ ರೋಗವು ಬೇಗನೆ ತಲೆದೋರುವ ಸಾಧ್ಯತೆ ಹೆಚ್ಚು. ಲಕ್ಷಣಗಳು ಕಂಡ ಬಳಿಕ ಬದುಕುಳಿಯುವುದು ಅತಿ ವಿರಳ. ಆದುದರಿಂದ ಗಾಯವು ದೇಹದ ಯಾವ ಭಾಗದಲ್ಲಿದೆ ಎಂಬುದನ್ನು ಬರೆದಿಡುವುದು ಜೀವಕ್ಕೆ ಸಂಬಂಧಿಸಿದ ಕೆಲಸವಾಗಿದೆ.

ಆಸ್ಪತ್ರೆಯ ಚೀಟಿಯಲ್ಲಿ ‘ನಾಯಿ ಕಚ್ಚಿದೆ’ ಎಂದಷ್ಟೇ ಇದ್ದರೆ ಸಾಲದು. ಎಡ ಭುಜವೋ ಬಲ ಭುಜವೋ, ಚರ್ಮ ಹರಿದಿದೆಯೇ, ಗಾಯಗಳೆಷ್ಟು, ಕಚ್ಚಿದ ಪ್ರಾಣಿ ಯಾವುದು, ಕಚ್ಚಿದ ದಿನ ಮತ್ತು ವೇಳೆ ಯಾವುದು, ಗಾಯವನ್ನು ತೊಳೆಯಲಾಗಿದೆಯೇ ಎಂಬಿಷ್ಟೂ ಅದರಲ್ಲಿರಬೇಕು. ಭುಜದ ಗಾಯವು ಬಟ್ಟೆಯ ಮರೆಯಲ್ಲಿರುವುದರಿಂದ ಸಂಕೋಚಪಡುವವರುಂಟು. ಮಹಿಳೆಯರೊಡನೆ ಆಶಾ ಕಾರ್ಯಕರ್ತೆಯರು ಆಸ್ಪತ್ರೆಗೆ ತೆರಳಿದರೆ ಗಾಯದ ಪರೀಕ್ಷೆ ಸರಿಯಾಗಿ ನಡೆಯುತ್ತದೆ.

ಚರ್ಮವನ್ನು ಭೇದಿಸಿದ ಕಡಿತವು ಮೂರನೆಯ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಲಸಿಕೆಯೊಡನೆ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಅನ್ನು ಗಾಯದೊಳಕ್ಕೇ ನೀಡಬೇಕು. ಲಸಿಕೆಯನ್ನು ಸಾಮಾನ್ಯವಾಗಿ ತೋಳಿನ ಮೇಲ್ಭಾಗದಲ್ಲಿ ನೀಡಲಾಗುತ್ತದೆ. ಆದರೆ ಇವೆರಡನ್ನೂ ಒಂದೇ ಜಾಗದಲ್ಲಿ ನೀಡಬಾರದು. ಗಾಯವು ಯಾವ ಭುಜದಲ್ಲಿದೆ ಎಂಬುದು ಚೀಟಿಯಲ್ಲಿದ್ದರೆ ಶುಶ್ರೂಷಕರಿಗೆ ಲಸಿಕೆಯ ಜಾಗವನ್ನು ನಿರ್ಧರಿಸುವುದು ಸುಲಭ. ಚರ್ಮದೊಳಗಿನ ಲಸಿಕೆಯನ್ನು 0, 3, 7 ಮತ್ತು 28ನೆಯ ದಿನಗಳಂದು ನೀಡುವುದರಿಂದ, ಮೊದಲ ದಿನಾಂಕವು ತಪ್ಪಿದರೆ ಉಳಿದವೆಲ್ಲವೂ ತಪ್ಪುತ್ತವೆ.

ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಭುಜದ ತೆರೆದ ಗಾಯಕ್ಕೆ ಎಸ್ 41.0, ನಾಯಿ ಕಡಿತಕ್ಕೆ ಡಬ್ಲ್ಯು 54 ಎಂಬ ಸಂಕೇತಗಳಿವೆ. ಮೊದಲನೆಯದು ಗಾಯವನ್ನೂ ಎರಡನೆಯದು ಅದರ ಕಾರಣವನ್ನೂ ತಿಳಿಸುತ್ತದೆ. ಕಾರಣದ ಸಂಕೇತವನ್ನು ಬಿಟ್ಟರೆ ಆ ಪ್ರಕರಣವು ಕೇವಲ ಗಾಯವಾಗಿ ಎಣಿಕೆಯಾಗುತ್ತದೆ. ನಾಯಿ ಕಡಿತದ ಲೆಕ್ಕಕ್ಕೆ ಸೇರುವುದಿಲ್ಲ. ಲೆಕ್ಕದಲ್ಲಿ ಕಾಣದ ಊರಿಗೆ ಲಸಿಕೆಯ ಬೇಡಿಕೆಯನ್ನಾಗಲಿ, ನಾಯಿಗಳ ಲಸಿಕಾ ಕಾರ್ಯಕ್ರಮವನ್ನಾಗಲಿ ಸಮರ್ಥಿಸುವುದು ಕಷ್ಟ. ಈ ಸಂಕೇತಗಳು ಎಡ, ಬಲಗಳನ್ನು ಸೂಚಿಸದ ಕಾರಣ ಅದನ್ನು ಅಕ್ಷರದಲ್ಲಿಯೇ ಬರೆಯಬೇಕು.

ಸಂಕೇತ ನೀಡುವುದು ಆಸ್ಪತ್ರೆಯ ಕೆಲಸ. ಸದಸ್ಯರಿಂದ ಆಗಬೇಕಾದವು ಮೂರು. ಮೊದಲನೆಯದಾಗಿ, ಸುಣ್ಣ, ಖಾರದಪುಡಿ ಹಚ್ಚದೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗುವಂತೆ ತಿಳಿಹೇಳುವುದು. ಎರಡನೆಯದಾಗಿ, ಚೀಟಿಯನ್ನು ಜೋಪಾನವಾಗಿರಿಸಿ ಪ್ರತಿ ಸಲವೂ ಒಯ್ಯುವಂತೆ ನೋಡಿಕೊಳ್ಳುವುದು. ಮೂರನೆಯದಾಗಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಕಡಿತದ ಪ್ರಕರಣಗಳನ್ನು ಪರಿಶೀಲಿಸಿ, ಲಸಿಕೆಯನ್ನು ಅರ್ಧಕ್ಕೆ ಬಿಟ್ಟವರನ್ನು ಪುನಃ ಆಸ್ಪತ್ರೆಗೆ ಕಳುಹಿಸುವುದು.

ಈ ಮೂರೂ ಕಾರ್ಯಗಳನ್ನು ತಮ್ಮ ತಮ್ಮ ವಾರ್ಡುಗಳಲ್ಲಿ ಕೈಗೊಳ್ಳಬೇಕೆಂದು ಸದಸ್ಯರೆಲ್ಲರಲ್ಲಿ ವಿನಂತಿ.