ಅಪಘಾತದ ಆಸ್ಪತ್ರೆ ಖರ್ಚು ಮತ್ತು ವಿಮೆ



ಕಾರು ಬಡಿದು ನಮ್ಮವರ ಕಾಲು ಮುರಿದಾಗ, ಸ್ಥಳದಲ್ಲೇ ಅಷ್ಟಿಷ್ಟು ಹಣಕ್ಕೆ ರಾಜಿ ಮಾಡಿಕೊಳ್ಳುವುದುಂಟು. ಆಮೇಲೆ ಎತ್ತು ಮಾರಿ ಆಸ್ಪತ್ರೆಗೆ ಕಟ್ಟಬೇಕಾಗುತ್ತದೆ. ಹಾಗೆ ಮಾಡಬೇಡಿರಿ. 1988ರ ಮೋಟಾರು ವಾಹನ ಕಾಯಿದೆಯಂತೆ ಕಾರಿಗೆ ವಿಮೆ ಕಡ್ಡಾಯ. ತಪ್ಪು ಚಾಲಕನದಾದರೆ ಗಾಯಾಳುವಿನ ಚಿಕಿತ್ಸೆಯ ಖರ್ಚನ್ನು ಆ ವಿಮೆಯಿಂದ ಕೇಳಬಹುದು.

ಮೊದಲು 108ಕ್ಕೆ ಫೋನು ಮಾಡಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿರಿ. 2025ರ ಕೇಂದ್ರ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು.

ಕಾರಿನ ನಂಬರು ಬರೆದಿಡಿರಿ. ಕೂಡಲೇ ಪೊಲೀಸು ಠಾಣೆಯಲ್ಲಿ ದೂರು ಕೊಟ್ಟು ನಕಲು ಪಡೆಯಿರಿ. ಬಿಲ್ಲು, ಔಷಧಿ ಚೀಟಿ ಒಂದನ್ನೂ ಕಳೆಯಬೇಡಿರಿ. 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿರಿ. ದಾರಿ ತಿಳಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ.