ಕಲ್ಲಿಗೊಂದು ಬೆಳಕಿನ ಪೆಟ್ಟಿಗೆ



“ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀಯಪ್ಪಾ?” ಎಂದು ನೀವು ಕೇಳುತ್ತಿರುತ್ತೀರಿ. ಇವತ್ತು ಕಚೇರಿ ಕೆಲಸ ಬಿಟ್ಟು, ರಜಾದಿನಗಳಲ್ಲಿ ಮಾಡಿದ ಒಂದು ಪೆಟ್ಟಿಗೆಯ ವಿಚಾರ ಹೇಳುತ್ತೇನೆ. ಅದು ಉಲ್ಕಾಶಿಲೆಗಳ, ಅಂದರೆ ಆಕಾಶದಿಂದ ಬಿದ್ದ ಕಲ್ಲುಗಳ ಫೋಟೋ ತೆಗೆಯಲು ಮಾಡಿದ್ದು.

ಇದು ದೂರದ ಮಾತಲ್ಲ. ಹುಲಿಯೂರುದುರ್ಗ ದಾಟಿದರೆ ಸಿಗುವ ಮದ್ದೂರಿನ ಸೀಮೆಯಲ್ಲೇ 1865ರ ಸೆಪ್ಟೆಂಬರ್ 21ರಂದು ಒಂದು ಉಲ್ಕಾಶಿಲೆ ಬಿತ್ತು. ಅದೇ ವರ್ಷದ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳ ಗ್ರಹದ್ದೆಂದು ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಜೋಪಾನವಾಗಿ ಎತ್ತಿಟ್ಟಿದ್ದರಿಂದಲೇ ಗೊತ್ತಾಯಿತು.

ಇಂಥ ಕಲ್ಲಿನ ಒಳಗುಟ್ಟು ತಿಳಿಯಲು ಕೊಯ್ಯಬೇಕು. ಕೊಯ್ದ ಮೇಲೆ ಮೊದಲಿನ ಆಕಾರ ಮರಳಿ ಬರದು. ಹಾಗಾಗಿ ಮುಂಚೆಯೇ ಒಳ್ಳೆಯ ಚಿತ್ರ ಬೇಕು. ಆದರೆ ಗಾಳಿಯನ್ನು ಸೀಳಿ ಬರುವಾಗ ಹೊರಮೈ ಕರಗಿ ತೆಳ್ಳನೆಯ ಕಪ್ಪು ಸಿಪ್ಪೆ ಕಟ್ಟಿರುತ್ತದೆ. ನೇರ ಬೆಳಕಿನಲ್ಲಿ ಅದು ಬರೀ ಇದ್ದಿಲ ಮುದ್ದೆ.

ಉತ್ತ ಹೊಲದ ಸಾಲುಗಳು ನಡುಮಧ್ಯಾಹ್ನ ಮಂಕಾಗಿದ್ದು, ಸಂಜೆಯ ಇಳಿಬಿಸಿಲಿನಲ್ಲಿ ಎದ್ದು ಕಾಣುವುದಿಲ್ಲವೇ? ನನ್ನದೂ ಅದೇ ಉಪಾಯ. ಹೊರಬೆಳಕು ನುಗ್ಗದ ಪೆಟ್ಟಿಗೆ, ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಅಲುಗದ ಕ್ಯಾಮೆರಾ, ಸುತ್ತ ಎಂಟು ಎಲ್‌ಇಡಿ. ಒಂದೊಂದನ್ನೇ ಹೊತ್ತಿಸಿ ಒಂದೊಂದು ಫೋಟೋ. ಕಲ್ಲು ಅಲ್ಲೇ ಇರುತ್ತದೆ, ನೆರಳು ಮಾತ್ರ ಸರಿಯುತ್ತದೆ. ಪ್ರತಿ ಚುಕ್ಕೆಯಲ್ಲೂ ಮೇಲ್ಮೈ ಎತ್ತ ವಾಲಿದೆಯೆಂದು ಲೆಕ್ಕ ಹಾಕಲು ಕಂಪ್ಯೂಟರಿಗೆ ಮೂರು ದಿಕ್ಕಿನ ಬೆಳಕು ಸಾಕು; ಎಂಟಿದ್ದರೆ ನೆರಳು ಮುಚ್ಚಿದ ಜಾಗವೂ ಸಿಗುತ್ತದೆ. ಹೊಳಪು ತಡೆಯಲು ಬೆಳಕಿಗೂ ಕ್ಯಾಮೆರಾಕ್ಕೂ ಪೋಲರೈಸರ್ ಹಾಳೆಗಳನ್ನು ಅಡ್ಡಡ್ಡ ಹಾಕಿದ್ದೇನೆ. ಅಳತೆಪಟ್ಟಿಯೂ ಬೂದು ಕಾರ್ಡೂ ಪ್ರತಿ ಚಿತ್ರದಲ್ಲಿರುತ್ತವೆ; ಹತ್ತು ವರ್ಷ ಬಿಟ್ಟು ತೆಗೆದ ಚಿತ್ರದೊಂದಿಗೂ ಹೋಲಿಸಬಹುದು.

ನನ್ನ ಬಳಿ ಉಲ್ಕಾಶಿಲೆ ಇಲ್ಲ. ಕುಲುಮೆಯ ಕಿಟ್ಟವನ್ನಿಟ್ಟು ಪರೀಕ್ಷಿಸಿದ್ದೇನೆ. ಜನ ಉಲ್ಕೆಯೆಂದು ತರುವ ಕಲ್ಲುಗಳಲ್ಲಿ ಎಷ್ಟೋ ಅದೇ ಆಗಿರುತ್ತವೆ. ನಿಜವಾದದ್ದು ನಿಮ್ಮ ಹೊಲದಲ್ಲೇ ಬಿದ್ದರೆ ತೊಳೆಯಬೇಡಿ, ಒಡೆಯಬೇಡಿ, ಅಯಸ್ಕಾಂತ ತಾಗಿಸಬೇಡಿ; ಅದರೊಳಗಿನ ಹಳೆಯ ಕಾಂತಗುಣ ಅಳಿಯುತ್ತದೆ. ಬಿದ್ದ ಜಾಗ, ಹೊತ್ತು ಬರೆದಿಟ್ಟು ತಾಲ್ಲೂಕು ಕಚೇರಿಗೆ ತಿಳಿಸಿ. ಇಂಥವನ್ನು ಕಾಪಾಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ.

ಈ ಪೆಟ್ಟಿಗೆಯನ್ನು ಇವತ್ತು ಶಾಲೆಗೆ ಒಪ್ಪಿಸುತ್ತಿದ್ದೇನೆ. ಗುರುಗಳಲ್ಲಿ ಒಂದೇ ವಿನಂತಿ: ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಬೆಳಕಿನ ಪಾಠ ಬಂದಾಗ ಮಕ್ಕಳೇ ಬಿಚ್ಚಲಿ, ಜೋಡಿಸಲಿ. ಕೆಟ್ಟರೆ ಹೇಳಿ ಕಳಿಸಿ, ಬಂದು ಸರಿಮಾಡಿ ಕೊಡುತ್ತೇನೆ.