ಕೇಳುವವರೇ ಪ್ರಜೆಗಳು

(ಮುಸ್ಲಿಂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ನಾವು ಕೇರಿಯಿಂದ ಬಂದವರು. ನೀವು ಮೊಹಲ್ಲಾದಿಂದ ಬಂದವರು. ನಮ್ಮನ್ನ 'ನಿನ್ನ ಜಾತಿ ಯಾವುದು?' ಅಂತ ಕೇಳ್ತಾರೆ. ನಿಮ್ಮನ್ನ 'ನಿನ್ನ ದೇಶ ಯಾವುದು?' ಅಂತ ಕೇಳ್ತಾರೆ. ಎರಡೂ ಬಾಯಿ ಮುಚ್ಚಿಸೋ ಪ್ರಶ್ನೆಗಳೇ.

ಹಾಗಾಗಿ ಪೌರನೀತಿ ಅಂದಕೂಡಲೇ, ಇದೂ ಒಂದು ದೇಶಭಕ್ತಿಯ ಪರೀಕ್ಷೆ ಇರಬೇಕು ಅಂತ ನಿಮಗೆ ಅನುಮಾನ ಬರೋದು ಸಹಜ. ನಾವು ಹೇಳೋದು ಇಷ್ಟೆ: ಸಂವಿಧಾನ ಅಂದರೆ ಸರ್ಕಾರಕ್ಕೆ ನೀವು ಕೊಡೋ ಪ್ರಶ್ನೆಪತ್ರಿಕೆ. ಉತ್ತರ ಬರೀಬೇಕಾದವರು ಅವರು.

ಇದು ಯಾರೋ ಹಾಕಿದ ಭಿಕ್ಷೆಯೂ ಅಲ್ಲ. 1946ರಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಗೆ ಆರಿಸಿ ಬಂದದ್ದು ಬಂಗಾಳದಿಂದ. ಜೋಗೇಂದ್ರನಾಥ ಮಂಡಲ್ ಬೆನ್ನಿಗೆ ನಿಂತರು. ಆ ಸಭೆಯಲ್ಲಿದ್ದ ಒಬ್ಬರೇ ಮುಸ್ಲಿಂ ಹೆಣ್ಣುಮಗಳು ಬೇಗಂ ಐಜಾಜ್ ರಸೂಲ್. ಧರ್ಮದ ಲೆಕ್ಕದಲ್ಲಿ ಸೀಟು ಮೀಸಲಿಡೋದು ಬೇಡ ಅಂತ ಅವರು ವಾದಿಸಿದರು. ಅವರ ಮಾತನ್ನ ಒಪ್ಪಬಹುದು, ಬಿಡಬಹುದು. ತಮ್ಮವರ ನಡುವೆಯೇ ಎದ್ದು ನಿಂತು ಬೇರೆ ಮಾತಾಡಿದರಲ್ಲ, ಪ್ರಜಾಪ್ರಭುತ್ವ ಅಂದರೆ ಅದು.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ವಿದ್ಯಾರ್ಥಿಗಳು ಬೀದಿಯಲ್ಲಿ ನಿಂತು ಸಂವಿಧಾನದ ಪೀಠಿಕೆ ಓದಿದರು. ಬಹಳ ಒಳ್ಳೇದು. ಆದರೆ ಬಾಯಿಪಾಠ ಸಾಲದು. ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನೋ 14ನೇ ವಿಧಿಯನ್ನ ಕಚೇರಿಯ ಕಿಟಕಿತನಕ ನಡೆಸಿಕೊಂಡು ಹೋಗಬೇಕು. 18 ತುಂಬಿದವರು ನಮೂನೆ 6 ತುಂಬಿ ಕೊಡಿ. ಮತದಾರರ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಚುನಾವಣೆಗೆ ಮುಂಚೆಯೇ ನೋಡಿಕೊಳ್ಳಿ. ಸ್ಕಾಲರ್‌ಶಿಪ್ ಬರಲಿಲ್ಲವಾ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಿ.

ಇನ್ನೊಂದು ಕಹಿ ಮಾತು. ಕೇಳೋ ಹಕ್ಕು ಬೀದಿಯಲ್ಲಿ ಬೇಕು, ಮನೆಯಲ್ಲಿ ಬೇಡ ಅಂದರೆ ಆಗಲ್ಲ. 'ನಮ್ಮಲ್ಲಿ ಜಾತಿ ಇಲ್ಲ' ಅಂತೀರಿ. ಪಿಂಜಾರರ ಮನೆಗೆ ಎಷ್ಟು ಜನ ಹೆಣ್ಣು ಕೊಡ್ತೀರಿ? ತಂಗಿ ಎಂ.ಎ. ಓದ್ತೀನಿ ಅಂದರೆ ತೀರ್ಮಾನ ಮಾಡೋರು ಯಾರು? ಹೊಲಗೇರಿ ಮಾದಿಗೇರಿ ನಡುವೆಯೂ ಇಂಥದೇ ಗೋಡೆ ಇದೆ. ಎರಡು ಕಡೆಯ ಗೋಡೆಯನ್ನೂ ಕೆಡವಬೇಕು. ರಾಜಕೀಯದಲ್ಲಿ ಸಮಾನತೆ ಕೊಟ್ಟು ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ ಪ್ರಜಾಪ್ರಭುತ್ವವೇ ಅಪಾಯಕ್ಕೆ ಬೀಳುತ್ತೆ ಅಂತ 1949ರ ನವೆಂಬರ್ 25ರಂದು ಬಾಬಾಸಾಹೇಬರು ಎಚ್ಚರಿಸಿದ್ದರು.

ನಮ್ಮ ಹುಡುಗರಿಗೆ ಬಾಡಿಗೆ ರೂಮು ಕೊಡದ ಓನರ್ ನಿಮಗೂ ಕೊಡಲ್ಲ. ಹಂಗಾದ ಮೇಲೆ ಬೇರೆ ಬೇರೆ ಯಾಕೆ ಅಳಬೇಕು? ನಿಮ್ಮ ಅರ್ಜಿ ತಗೊಂಡು ನಮ್ಮ ಹಾಸ್ಟೆಲಿಗೆ ಬನ್ನಿ. ನಾವೂ ನಿಮ್ಮಲ್ಲಿಗೆ ಬರ್ತೀವಿ. ಒಟ್ಟಿಗೆ ಕೂತು ಬರೆಯೋಣ, ಒಟ್ಟಿಗೆ ಹೋಗಿ ಕೇಳೋಣ.

ಜೈ ಭೀಮ್.